ಕೆಂಪು ದಾರದ ಟವೆಲ್

ಪೈನ್ ಹಾಲೋ, ಮಿಸಿಸಿಪ್ಪಿ
ಮಾರ್ಚ್ 12, 1968

ಪ್ರೀತಿಯ ಇಮೋಜೀನ್ ಅಕ್ಕನಿಗೆ,

ನಿನ್ನ ತಂಗಿ ಬದುಕಿದ್ದಾಳೆ, ಕೈಕಾಲು ಗಟ್ಟಿಯಾಗಿವೆ. ಕ್ರಿಸ್‌ಮಸ್‌ಗೆ ಕಳಿಸಿದ ಸ್ವೆಟರ್‌ಗೆ ಮಾರ್ಚಿನಲ್ಲಿ ಉತ್ತರ ಬರೆಯುತ್ತಾಳಲ್ಲ ಎಂದು ನೀನು ಬೈದಿರುತ್ತೀಯ, ಬೈದುಕೋ. ಸ್ವೆಟರ್ ಬೆಚ್ಚಗಿದೆ, ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿ. ನಾನಿನ್ನೂ ಹದಿನಾರರ ಹುಡುಗಿ ಎಂದುಕೊಂಡೇ ಹೆಣೆದಿದ್ದೀಯ. ಲೆಸ್ಟರ್ ಭಾವನ ಬೆನ್ನುನೋವು ಹೇಗಿದೆ? ಕಾರ್ಖಾನೆಯವರು ಕೂತು ಮಾಡುವ ಕೆಲಸ ಕೊಟ್ಟರೇ?

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಈ ಕಾಗದ ಮುಟ್ಟುವಷ್ಟರಲ್ಲಿ ನನ್ನ ಮಗ ಥರ್ಮನ್ ನಿನ್ನ ಮನೆಯಲ್ಲಿರುತ್ತಾನೆ. ನಿನ್ನೆ ಬೆಳಿಗ್ಗೆ ಡೆಟ್ರಾಯಿಟ್ ಬಸ್ಸು ಹತ್ತಿದ. ಬಾಸ್ಕೆಟ್‌ಬಾಲ್ ಬಿಟ್ಟ, ಜೊತೆಗೆ ಕಾಲೇಜೂ ಬಿಟ್ಟ. ಭಾವ ತನ್ನ ಕಾರ್ಖಾನೆಯಲ್ಲೇ ಕೆಲಸ ಕೊಡಿಸುತ್ತಾರೆ ಎಂಬ ಲೆಕ್ಕಾಚಾರ ಅವನದು. ದಮ್ಮಯ್ಯ ಅಕ್ಕ, ಕೊಡಿಸಬೇಡಿ. ಕಾಲೇಜಿನಲ್ಲಿ ಹೆಸರಿರುವ ತನಕ ಸೈನ್ಯದವರು ಅವನನ್ನು ಮುಟ್ಟುವುದಿಲ್ಲ. ಹೆಸರು ಹೋಯಿತೋ, ವಿಯೆಟ್ನಾಂ. ಹಿಂದಿನ ಬೀದಿಯ ವೆರ್ಡಿಯ ಮಗ ಜನವರಿಯಲ್ಲಿ ಪೆಟ್ಟಿಗೆಯಲ್ಲಿ ಬಂದ. ಅವಳಿಗೆ ಮುಚ್ಚಳ ತೆಗೆದು ಮುಖ ನೋಡಲೂ ಬಿಡಲಿಲ್ಲ. ಅವತ್ತಿನಿಂದ ಅಂಚೆಯವನನ್ನು ಕಂಡರೆ ನಾನು ಬಾಗಿಲು ಹಾಕಿಕೊಳ್ಳುತ್ತೇನೆ.

ಕೋಚ್ ಹೋಲ್ಕಂಬ್ ನಿನ್ನೆ ಮಧ್ಯಾಹ್ನ ನಾನು ಬಟ್ಟೆ ಒಗೆಯುವ ಕಾಲೇಜು ಲಾಂಡ್ರಿಗೇ ಬಂದಿದ್ದರು. ಅವರು ಅಲ್ಲಿಗೆ ಕಾಲಿಟ್ಟದ್ದು ಇದೇ ಮೊದಲು. ಟೊಪ್ಪಿ ತೆಗೆದು, "ಈಸ್ಟರ್ ತನಕ ಅವನ ಹೆಸರು ತೆಗೆಯಲ್ಲಮ್ಮ. ಅಷ್ಟರೊಳಗೆ ಬಂದ್ರೆ ಏನೂ ಆಗಿಲ್ಲ ಅಂದ್ಕೋತೀನಿ. ಆಮೇಲೆ ನನ್ನ ಕೈಲಿಲ್ಲ" ಎಂದರು. ಅವರ ಕೆಲಸಕ್ಕೂ ಕುತ್ತು ಇದೆಯಂತೆ. ಅದನ್ನು ನನಗೇಕೆ ಹೇಳಿದರೋ. ನನ್ನದೇ ನನಗೆ ಹಾಸಿ ಹೊದೆಯುವಷ್ಟಿದೆ.

ಊರಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಿಳಿಯರ ಕಾಲೇಜಿನ ತಂಡಕ್ಕೆ ನಮ್ಮವರಲ್ಲಿ ಮೊದಲು ಸೇರಿದವನು ಇವನು, ಒಬ್ಬನೇ ಎಷ್ಟು ದಿನ ತಡೆದಾನು ಎನ್ನುತ್ತಾರೆ. ಬೇರೆ ಊರಿಗೆ ಆಡಲು ಹೋದಾಗ ಇವನ ಮೇಲೆ ಮಂಜುಗಡ್ಡೆ ಎಸೆದರು, ಉಗಿದರು. ಊಟದ ಹೊತ್ತಿಗೆ ಉಳಿದವರು ಹೋಟೆಲಿನೊಳಗೆ, ಇವನು ಬಸ್ಸಿನಲ್ಲೇ ಕೂತು ಬ್ರೆಡ್ಡು ತಿನ್ನುತ್ತಿದ್ದ. ಅದೆಲ್ಲ ನಿಜ. ಆದರೆ ಅದಕ್ಕೆಲ್ಲ ಇವನು ಜಗ್ಗಿದವನೇ ಅಲ್ಲ. ಭಾನುವಾರ ಮನೆಗೆ ಬಂದು ಕೋಳಿಯ ಕಾಲು ಕಚ್ಚುತ್ತಾ, "ಉಗಿಯೋದ್ರಲ್ಲೂ ಗುರಿ ಇಲ್ಲಮ್ಮ ಅವ್ರಿಗೆ. ಪಕ್ಕದಲ್ಲಿದ್ದ ನಮ್ಮ ಕೋಚ್ ಮೇಲೇ ಬಿತ್ತು" ಎಂದು ನಗಿಸುತ್ತಿದ್ದ.

ಅವನ ಟವೆಲ್ಲಿನ ಕೆಂಪು ದಾರದ ಸಂಗತಿ ನಿನಗೆ ಗೊತ್ತಿರಬೇಕು. ಹೋದ ವರ್ಷ ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ಕಳಿಸಿದ್ದೆನಲ್ಲ. ಫ್ರೀ ಥ್ರೋ ಸಿಕ್ಕಾಗ, ಚೆಂಡನ್ನು ಬುಟ್ಟಿಗೆ ಎಸೆಯುವ ಮುಂಚೆ ಪಕ್ಕಕ್ಕೆ ಬಂದು ಮುಖ ಒರೆಸಿಕೊಂಡು, ಟವೆಲ್ ಮೂಲೆಯ ದಾರವನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದ. ಪತ್ರಿಕೆಯವನು ಏನಿದು ಎಂದು ಕೇಳಿದ್ದಕ್ಕೆ ಇವನು, "ನಮ್ಮಮ್ಮ ಕಾಲೇಜು ಲಾಂಡ್ರೀಲಿ ಕೆಲಸ ಮಾಡ್ತಾಳೆ. ಎಲ್ರ ಬಟ್ಟೆನೂ ಒಗೀತಾಳೆ, ನಂದಕ್ಕೆ ಮಾತ್ರ ದಾರ ಹಾಕ್ತಾಳೆ. ಆಟ ನೋಡೋಕೆ ಅವಳನ್ನ ಒಳಗೆ ಬಿಡಲ್ಲ, ಆದ್ರೂ ನನ್ನ ಜೊತೆ ಇದ್ದಾಳೆ ಅಂತ" ಎಂದಿದ್ದ. ಪಾಸ್ಟರ್ ಹೆಂಡತಿ ಅದನ್ನು ಚರ್ಚಿನ ಹಲಗೆಗೆ ಅಂಟಿಸಿದಳು. ಹೆಂಗಸರು ತಮ್ಮ ಮಕ್ಕಳ ಕರವಸ್ತ್ರಕ್ಕೂ ಕೆಂಪು ದಾರ ಹೊಲಿಯತೊಡಗಿದರು. ನನ್ನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದರು. ನಾನು ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿ ಕೂತೆ. ಓಜೆಲ್ಲಾಗೆ ಎಷ್ಟು ನಾಚಿಕೆ ನೋಡಿ ಎಂದರು ಅವರು.

ಮೊನ್ನೆ ಭಾನುವಾರ ಬಂದವನು ಊಟ ಮುಟ್ಟಲಿಲ್ಲ. ಅವನಿಗಿಷ್ಟವೆಂದು ಬೆಣ್ಣೆ ಹಾಕಿ ಸಿಹಿಗೆಣಸು ಬೇಯಿಸಿದ್ದೆ, ಅದೂ ಹಾಗೇ ಉಳಿಯಿತು. ಎರಡು ಮಾತಾಡಿ ತನ್ನ ಕೋಣೆಗೆ ಹೋಗಿ ಚೀಲ ತುಂಬತೊಡಗಿದ. ಅವನು ಮೊದಲಿನಿಂದಲೂ ಕೂಗಾಡುವವನಲ್ಲ, ಅವರಪ್ಪನ ಹಾಗೆ. ಕೂಗಾಡಿದ್ದರೆ ನಾನೂ ಎರಡು ಕೂಗಿ ಮುಗಿಸುತ್ತಿದ್ದೆ.

ಇನ್ನೊಂದೇ ವರ್ಷ ಅಕ್ಕ. ಪದವಿ ಕೈಗೆ ಬಂದರೆ ಲೆಕ್ಕದ ಮೇಷ್ಟ್ರಾಗುತ್ತಾನೆ. ಅವನು ಏನು ಹೇಳುತ್ತಾನೋ ಪೂರ್ತಿ ಕೇಳು. ನನ್ನ ಬಗ್ಗೆ ಏನೇ ಅಂದರೂ ಹೌದು ಎಂದುಬಿಡು, ನನ್ನ ಪರ ವಹಿಸಲು ಹೋಗಬೇಡ. ನಾಲ್ಕು ದಿನ ಹೊಟ್ಟೆ ತುಂಬಾ ಹಾಕಿ, ಈಸ್ಟರ್‌ಗೆ ಮುಂಚೆ ಬಸ್ಸು ಹತ್ತಿಸು. ಈ ಮನೆಗೆ ಬರದಿದ್ದರೂ ಸರಿ, ನೇರ ಹಾಸ್ಟೆಲಿಗೆ ಹೋಗಲಿ.

ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಭಾವನ ಬೆನ್ನಿಗೆ ಕರ್ಪೂರದ ಎಣ್ಣೆ ಹಚ್ಚು. ನನ್ನ ಮಗನ ತಲೆಯ ಮೇಲೆ ನನ್ನ ಬದಲಿಗೆ ಒಮ್ಮೆ ಕೈಯಿಡು.

ನಿನ್ನ ತಂಗಿ,
ಓಜೆಲ್ಲಾ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿಜ ಬರೆಯದಿದ್ದರೆ ನೀನು ಅವನಿಗೆ ಏನೆಂದು ಬುದ್ಧಿ ಹೇಳುತ್ತೀಯ?

ಆ ದಾರ ನಾನು ಪ್ರೀತಿಗೆಂದು ಹಾಕಿದ್ದಲ್ಲ. ಅವನು ತಂಡಕ್ಕೆ ಸೇರಿದ ಮೊದಲ ವಾರ ಲಾಂಡ್ರಿಯ ಮೇಲ್ವಿಚಾರಕ ಪ್ರೂಯಿಟ್ ಬಂದ. ನನಗಿಂತ ಹದಿನೈದು ವರ್ಷ ಚಿಕ್ಕವನು, ಹೆಸರು ಹಿಡಿದೇ ಕರೆಯುತ್ತಾನೆ. "ಓಜೆಲ್ಲಾ, ಬೇರೆ ಹುಡುಗರ ಅಪ್ಪಂದಿರು ಗಲಾಟೆ ಮಾಡ್ತಿದ್ದಾರೆ. ನಿನ್ನ ಮಗನ ಬಟ್ಟೆ, ಟವೆಲ್ಲು ಎಲ್ಲಾ ಬೇರೆ ತೊಟ್ಟೀಲಿ ಒಗಿ. ಕಲೆತುಹೋಗದ ಹಾಗೆ ಏನಾದ್ರೂ ಗುರುತು ಹಾಕು. ಅವನು ಆಡ್ಬೇಕೋ ಬೇಡ್ವೋ?" ಎಂದ. "ಆಗ್ಲಿ ಸರ್" ಎಂದೆ. ಮನೆಯಲ್ಲಿ ಕೈಗೆ ಸಿಕ್ಕಿದ್ದು ಕೆಂಪು ದಾರ, ಅದನ್ನೇ ಹೊಲಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಬಟ್ಟೆಯನ್ನು ಹದಿನೆಂಟು ತಿಂಗಳು ಮೈಲಿಗೆಯ ಹಾಗೆ ಮೂಲೆಯ ತೊಟ್ಟಿಯಲ್ಲಿ ಒಗೆದೆ. ಯಂತ್ರಕ್ಕಿಂತ ನನ್ನ ಕೈಯಲ್ಲೇ ಶುಭ್ರವಾಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ. "ಈ ದಾರ ನೀನು ಹಾಕಿದ್ದಾ ಅಮ್ಮ?" ಎಂದು ಮೊದಲ ಸಲ ಅವನು ಮುಖ ಅರಳಿಸಿಕೊಂಡು ಕೇಳಿದಾಗ "ಹೂಂ" ಎಂದೆ. ಅಷ್ಟೇ ಅಂದದ್ದು. ಉಳಿದದ್ದೆಲ್ಲ ಅವನೇ ಕಟ್ಟಿಕೊಂಡ, ನಾನು ಬಾಯಿ ಬಿಡಲಿಲ್ಲ.

ಶನಿವಾರ ಬಟ್ಟೆ ಬದಲಿಸುವ ಕೋಣೆಯಲ್ಲಿ ತಂಡದ ಹೊಸ ಹುಡುಗನೊಬ್ಬ ಥರ್ಮನ್‌ನ ಟವೆಲ್ ತೆಗೆದು ಮುಖ ಒರೆಸಹೊರಟನಂತೆ. ಇನ್ನೊಬ್ಬ, "ಅದು ಬೇಡ್ವೋ, ದಾರ ಕಾಣಿಸ್ಲಿಲ್ವಾ? ಅವನದ್ದು ಬೇರೆ ಒಗೀತಾರೆ" ಎಂದನಂತೆ. ಅವನ ದನಿಯಲ್ಲಿ ಕುಹಕವೂ ಇರಲಿಲ್ಲವಂತೆ. ಇವನು ಅಲ್ಲೇ ಬೂಟಿನ ದಾರ ಕಟ್ಟುತ್ತಿದ್ದ.

ಭಾನುವಾರ ಟವೆಲ್ಲನ್ನು ತಟ್ಟೆಯ ಪಕ್ಕದಲ್ಲಿಟ್ಟು ಕೇಳಿದ. "ಹೇಳಿದ್ದು ಯಾರಾದ್ರೂ ಆಗ್ಲಿ. ಹೊಲಿದಿದ್ದು ಯಾರು?"

"ನಾನೇ" ಎಂದೆ.

"ಅವರು ಉಗಿದಾಗ ಇದನ್ನ ಹಣೆಗೆ ಒತ್ಕೊಂಡು ತಡ್ಕೊಂಡೆ ಅಮ್ಮ" ಎಂದ.

ಅವನು ಆ ಟವೆಲ್ಲನ್ನು ಬಿಸಾಡಿಲ್ಲ. ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದಾನೆ, ಬಾಗಿಲ ಸಂದಿಯಿಂದ ನೋಡಿದೆ. ಒಗೆಯಲು ಹಾಕಿದರೆ ದಾರ ಕೀಳಬೇಡ. ನಿನ್ನ ಬಟ್ಟೆ, ಭಾವನ ಬಟ್ಟೆ, ಎಲ್ಲದರ ಜೊತೆಗೇ ನೆನೆಹಾಕು. ಅವನು ನೋಡುತ್ತಿರುವಾಗಲೇ ಹಾಕು.