ಮೂವತ್ತೆಂಟು ಅಂಕದ ಅಪರಾಧ

ಲೆಕ್ಕದ ಮೇಷ್ಟ್ರೇ,

ಮೂವತ್ತೆಂಟನ್ನು ನೂರಕ್ಕೆ ಎಂದುಕೊಂಡು ನಿನ್ನೆ ಮಗಳ ಮೇಲೆ ಹಾರಾಡಿದೆಯಲ್ಲ, ಎಷ್ಟಕ್ಕೆ ಎಂದು ಕೇಳುವ ಪುರುಸೊತ್ತೂ ನಿನಗಿರಲಿಲ್ಲ. ನಾನು ಕೇಳಿದೆ. ಅವಳ ಅಂತರರಾಷ್ಟ್ರೀಯ ಡಿಪ್ಲೊಮಾದಲ್ಲಿ ಆರು ವಿಷಯ, ಒಂದೊಂದಕ್ಕೆ ಏಳೇ ಅಂಕ. ಪ್ರಬಂಧ ಮುಂತಾದವಕ್ಕೆ ಇನ್ನು ಮೂರು. ಒಟ್ಟು ನಲವತ್ತೈದು. ಕೂಡಿಸುವುದು ನಿನಗೆ ಬರುತ್ತದೆಂದು ಕೇಳಿದ್ದೇನೆ.

ಕಾಲೇಜು ಕೇಳಿದ್ದು ಮೂವತ್ತಾರು. "ಅಜ್ಜಿ, ಅಪ್ಪ ಸಹಿ ಹಾಕಲ್ವಂತೆ, ಸೀಟು ಹೋಗತ್ತೆ" ಎಂದು ಹುಡುಗಿ ಅಳುತ್ತಿದ್ದಾಳೆ. ಸೀಟಿನ ಒಪ್ಪಿಗೆ ಕಾಗದ ಫ್ರಿಜ್ ಮೇಲಿದೆ, ಗಡುವು ಇವತ್ತು ಸಂಜೆ ಐದು. ನೀಲಿ ಪೆನ್ನು ಪಕ್ಕದಲ್ಲಿಟ್ಟಿದ್ದೇನೆ. ನಿನ್ನ ಕೆಂಪು ಪೆನ್ನಿಗೆ ಇವತ್ತು ರಜೆ.

ನಾನು ಪ್ರಾರ್ಥನೆಗೆ ಹೊರಟೆ. ನಿನ್ನ ಪರವಾಗಿ ದೇವರ ಹತ್ತಿರ ಕ್ಷಮೆ ಕೇಳುತ್ತೇನೆ; ಅವಳ ಹತ್ತಿರ ನೀನೇ ಕೇಳು. ಆದರೆ ಮೊದಲು ಸಹಿ ಹಾಕು. ನಿನ್ನ ಭಾಷಣ ಶುರುವಾದರೆ ಐದು ಗಂಟೆ ದಾಟಿಹೋಗುತ್ತದೆ.

ಅಮ್ಮ