ಗದ್ದದ ಎಳೆ

2 ನವೆಂಬರ್ 1998, ಸೋಮವಾರ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಜೂನ್‌ನಲ್ಲಿ ಆ ಮೀನಿನ ಗದ್ದದ ಎಳೆ ಮುರಿದದ್ದು ನನ್ನ ಕೈಯಲ್ಲಿ.

ಅಂಟಾರ್ಕ್ಟಿಕಾದಲ್ಲಿ ಸಾವಿರದಿನ್ನೂರು ಮೀಟರ್ ಆಳದಿಂದ ಬಂದದ್ದು. ಒಂದೇ ಒಂದು ಮೀನು. ಮೈಮೇಲೆ ಹುರುಪೆಯಿಲ್ಲ, ಒಳಗೆ ಗಾಳಿಚೀಲವಿಲ್ಲ, ಅರ್ಧ ಮೈ ತಲೆಯೇ. ರಕ್ತ ಮಂಜುಗಟ್ಟದಂತೆ ತಡೆಯುವ ಪ್ರೋಟೀನ್. ಗದ್ದದ ಕೆಳಗೆ ಒಂದು ಎಳೆ. ಅದರ ತುದಿಯ ಕುಚ್ಚು ನೋಡಿಯೇ ಯಾವ ಜಾತಿ ಎಂದು ಹೇಳಬೇಕು. ಜಾಡಿಯಿಂದ ಎತ್ತುವಾಗ ಫೋರ್ಸೆಪ್ಸ್ ಜಾರಿತು. ಕುಚ್ಚು ಟ್ರೇ ನೀರಿನಲ್ಲಿ ತೇಲಿತು. ಸಿಂಕಿಗೆ ಚೆಲ್ಲಿದೆ. ಅಟೆಂಡರ್ ಸೊಣ್ಣಪ್ಪ ಮೂಗು ಮುಚ್ಚಿಕೊಂಡು, “ಏನ್ ಮೇಡಂ, ಸತ್ತಿರೋದಕ್ಕೂ ಸ್ನಾನ ಮಾಡಿಸ್ತಿದೀರಾ?” ಎಂದ. ನಕ್ಕೆ.

ರಾಮಸ್ವಾಮಿ ಸರ್ — ನನ್ನ ಗೈಡ್, ಈಗ ಎಪ್ಪತ್ತೊಂದು — ಕುಚ್ಚಿಲ್ಲದ ಎಳೆ ನೋಡಿ ಹೊಸ ಜಾತಿ ಎಂದರು. ಅಷ್ಟು ಸಂತೋಷಪಟ್ಟದ್ದು ನೋಡಿರಲಿಲ್ಲ. ಸುಮ್ಮನಿದ್ದೆ. ಅದು ಕಾರಣವೋ, ನೆಪವೋ...

8 ನವೆಂಬರ್, ಭಾನುವಾರ

ಹೇಳಲೆಂದೇ ಚಾಮರಾಜಪೇಟೆಗೆ, ಸರ್ ಮನೆಗೆ ಹೋದೆ. ಜರ್ನಲ್‌ನಿಂದ ನಮ್ಮ ಪೇಪರಿನ ಪ್ರೂಫ್ ಬಂದಿತ್ತು, ನೋಡಿ ಸಹಿ ಹಾಕಿ ಕಳಿಸಿದರೆ ಅಚ್ಚಾಗುತ್ತದೆ. ಮೀನಿಗೆ ತೀರಿಹೋದ ಹೆಂಡತಿ ಭಾಗೀರಥಮ್ಮನವರ ಹೆಸರಿಟ್ಟಿದ್ದಾರೆ.

“ಇದ್ದಿದ್ರೆ ಬೈತಿದ್ಲು, ಇಂಥ ಮೋರೆಗೆ ನನ್ನ ಹೆಸರೇ ಬೇಕಿತ್ತಾ ಅಂತ,” ಎಂದರು. ಆಮೇಲೆ, “ಗೇಟಿನ ಮೇಲಿನ ಹೆಸರು ಅಳಿಸ್ಹೋಗತ್ತೆ. ಇದು ಹೋಗಲ್ಲ ಕಣಮ್ಮ.”

ಕಾಫಿ ಕುಡಿದೆ. ಬಂದೆ.

21 ನವೆಂಬರ್, ಶನಿವಾರ

ಸರ್‌ಗೆ ಸ್ಟ್ರೋಕ್. ಹತ್ತು ದಿನವಾಯಿತು. ಬಲಗೈ ಬಿದ್ದುಹೋಗಿದೆ, ಮಾತು ತೊದಲು. ಬುದ್ಧಿ ಹಾಗೇ ಇದೆ. ಮಗಳು ಮೈತ್ರೇಯಿ ಪ್ರೂಫ್ ನನ್ನ ಕೈಗಿಟ್ಟಳು.

“ಪೇಪರ್‌ನಲ್ಲಿ ನಿಮ್ ಹೆಸ್ರೂ ಇದೆಯಲ್ಲ ಆಂಟಿ. ನೀವೇ ಸೈನ್ ಮಾಡಿ ಕಳಿಸ್ಬಿಡಿ. ದಿನಾ ಅದೊಂದೇ ಕೇಳ್ತಾರೆ, ಹೋಯ್ತಾ ಅಂತ. ಅದಕ್ಕೇ ಕಾಯ್ಕೊಂಡಿರೋ ಹಾಗಿದೆ.”

ಜೂನ್‌ನದು ಕೈ ಜಾರಿದ್ದು. ಈ ಸಹಿ ಜಾರುವುದಿಲ್ಲ, ನಾನೇ ಹಾಕಬೇಕು.

24 ನವೆಂಬರ್, ಮಂಗಳವಾರ, ಸಂಜೆ 5

ಎಡಿಟರ್‌ಗೆ ಪತ್ರ ಟೈಪ್ ಮಾಡಿದೆ. ಎಳೆ ಮುರಿದದ್ದು ನಾನು, ಇದು ಹೊಸ ಜಾತಿಯೆನ್ನಲು ಬೇರೆ ಆಧಾರವಿಲ್ಲ, ಅಚ್ಚು ಮಾಡಬೇಡಿ. ಎರಡೇ ಪ್ಯಾರಾ. ಸೊಣ್ಣಪ್ಪ, “ಪೋಸ್ಟಿಗೆ ಹಾಕ್ಬರ್ಲಾ ಮೇಡಂ?” ಎಂದ. ಬೇಡ ಎಂದೆ. ಸರ್‌ಗೆ ಹೇಳದೆ ಕಳಿಸುವುದು ಸುಲಭ. ಅದಕ್ಕೇ ಬೇಡ.

ಗುರುವಾರ ಮೈತ್ರೇಯಿ ರಜೆ ಹಾಕುತ್ತಾಳೆ. ಪತ್ರ ಕೇಳಿ ಸರ್‌ಗೆ ಏನಾದರೂ ಆದರೆ ಹತ್ತಿರ ಮಗಳಿರಬೇಕು. ಪಕ್ಕದಲ್ಲಿ ಕೂತು ಪತ್ರ ಓದುತ್ತೇನೆ, ಭಾಗೀರಥಮ್ಮನವರ ಹೆಸರು ಬರುವ ಸಾಲನ್ನೂ. ಅವರು ನನ್ನ ಮುಖ ನೋಡಲಿ, ನೋಡದಿರಲಿ. ಅಲ್ಲಿಂದ ನೇರ ಪೋಸ್ಟ್ ಆಫೀಸು. ತಾರೀಖೂ ಬರೆದಿಡುತ್ತೇನೆ, ತಪ್ಪಿಸಿಕೊಳ್ಳದಂತೆ: ಗುರುವಾರ, 26ನೇ ನವೆಂಬರ್.