ಜಗಲಿಯ ಸ್ವಿಚ್

ಸಾಲಿಗ್ರಾಮ,
ಸೋಮವಾರ

ಚಿ. ರಮ್ಯಶ್ರೀಗೆ ಆಶೀರ್ವಾದಗಳು.

ಕತ್ತಲಾದರೆ ತಾನಾಗಿ ದೀಪ ಹತ್ತಿಸುವ ಆ ಸೆನ್ಸರನ್ನು ಜಗಲಿಯಿಂದ ತೆಗೆದು ಸ್ವಿಚ್ಚನ್ನೇ ಹಾಕಿಸುತ್ತೇನೆಂದು ನೀನು ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ನನಗೆ ಒಳ್ಳೆಯ ನಿದ್ದೆ ಬಂತು. 'ವಾಟ್ ಎ ರಿಲೀಫ್' ಎನ್ನುತ್ತಿದ್ದರು ನಮ್ಮ ಕಾಲೇಜಿನ ಇಂಗ್ಲಿಷ್ ಲೆಕ್ಚರರು, ಅದೂ ಪೀರಿಯಡ್ ಮುಗಿದಾಗ.

ನೀನು ನಮ್ಮ ಮನೆಗೆ ಡಿಸೈನ್ ಮಾಡಿಕೊಟ್ಟ ಲೈಟಿಂಗಿನಲ್ಲಿ ದೋಷವಿಲ್ಲ ಮಗಳೇ. ಅಜ್ಜನ ಕಾಲದ ಕಂಬಗಳ ಕೆತ್ತನೆ ಇಷ್ಟು ಚಂದವೆಂದು ಮನೆ ರಿಪೇರಿಯಾಗಿ ನಿನ್ನ ಬೆಳಕು ಬಿದ್ದ ಮೇಲೇ ನಾನು ಕಂಡದ್ದು. ಆದರೆ ಮುಸ್ಸಂಜೆ ಜಗಲಿಯ ದೀಪ ಹಾಕುವುದು ನನ್ನ ಪಂಕಜಾಕ್ಷಿಯ ಕೆಲಸವಾಗಿತ್ತು. ಹಾಕಿ, ಕೈ ಮುಗಿದು, ಪೇಪರ್ ಓದುತ್ತಿದ್ದ ನನ್ನನ್ನು "ಹ್ವಾಯ್, ಕೈ ಮುಗುದ್ ಮರ್ತ್ರ್ಯಾ?" ಎಂದು ಗದರುತ್ತಿದ್ದಳು. ಅವಳು ಹೋದ ಮೇಲೆ ನಾನೇ ಹಾಕುತ್ತಿದ್ದೆ. ಈ ಸೆನ್ಸರ್ ಬಂದು ಆ ಕೆಲಸವೂ ತಪ್ಪಿತು. ಮೊನ್ನೆ ಮಧ್ಯಾಹ್ನ ಮೋಡ ಕವಿದಾಗಲೆಲ್ಲ ದೀಪ ಹತ್ತಿತು, ನಾನು ಪ್ರತಿ ಸಲವೂ ಎದ್ದು ಕೈ ಮುಗಿದೆ. ಮಗ ಶ್ರೀಶ, "ಅಪ್ಪಯ್ಯ, ದೇವ್ರಿಗೂ ಸಾಕಾಯ್ತ್!" ಎಂದು ನಕ್ಕ.

ಇನ್ನೊಂದು ವಿನಂತಿ. ಎಲೆಕ್ಟ್ರಿಷಿಯನ್ ಮಹಾಲಿಂಗ ಈ ಸ್ವಿಚ್ಚನ್ನು ಉಳಿದವುಗಳ ಲೆವೆಲ್ಲಿಗೆ ಮೇಲೆ ಕೂರಿಸುತ್ತೇನೆ ಎನ್ನುತ್ತಾನೆ. ಬೇಡವೆಂದು ಹೇಳು, ಹಳೆಯ ಜಾಗದಲ್ಲೇ ಇರಲಿ. ಪಂಕಜಾಕ್ಷಿ ಕುಳ್ಳಿ, ಅವಳ ಕೈಗೆ ಎಟುಕುವಂತೆ ಹಾಕಿಸಿದ್ದು. ನಾನು ಸ್ವಲ್ಪ ಬಗ್ಗಬೇಕಾಗುತ್ತದೆ. ಅಡ್ಡಿಯಿಲ್ಲ, ಕೈ ಮುಗಿಯುವಾಗ ಹೇಗೂ ಬಗ್ಗಲೇಬೇಕಲ್ಲ.

ನಿನ್ನ ಹಿತೈಷಿ,
ಸದಾಶಿವ ಹೇರ್ಳೆ